ಇಲ್ಲದ ಮೇಳಕ್ಕೆ ಟಪಾಲು

ಸರಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಕೆಲವು ವರ್ಷ ಕಳೆದವರಿಗೆ ಒಂದು ಸತ್ಯ ಮನದಟ್ಟಾಗಿರುತ್ತದೆ. ಕಾಗದದಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಅದು ಯಾರ ಮೇಜಿಗೆ ಹೋಗಬೇಕು ಎಂಬುದೇ ದೊಡ್ಡದು. ವಿಳಾಸ ಬರೆಯದ ಕಾಗದ ಒಂದೋ ಎಲ್ಲರ ಬಳಿಗೂ ಹೋಗುತ್ತದೆ, ಇಲ್ಲವೇ ಯಾರ ಬಳಿಗೂ ಹೋಗುವುದಿಲ್ಲ. ಈ ಪಾಠವನ್ನು ಎಂದೋ ಕಲಿತು ಮುಗಿಸಿದೆವೆಂದು ನಾವು ತಿಳಿದಿದ್ದೆವು. ಕೋಥರೂಡದ ನಮ್ಮ ಮನೆಯ ಊಟದ ಮೇಜಿನ ಮೇಲೆ, ರಾತ್ರಿ ಹತ್ತು ಹೊಡೆದ ಮೇಲೆ, ಜಗತ್ತಿನಲ್ಲಿ ಎಲ್ಲಿಯೂ ಇಲ್ಲದ ಒಂದು ಗಾಯಕರ ಮೇಳವು ಅದನ್ನು ನಮಗೆ ಮತ್ತೆ ಮೊದಲಿನಿಂದ ಕಲಿಸಿತು.

ಸಂಗತಿ ಹೀಗೆ. ಡಹಾಣೂಕರ ಕಾಲನಿ, ಮಯೂರ ಕಾಲನಿ, ಪೌಡ ರಸ್ತೆ, ಈ ಆಸುಪಾಸಿನ ಕನ್ನಡ ಮನೆಗಳವರು ಸೇರಿ ನಡೆಸಿಕೊಂಡು ಬಂದ ವೃಂದಗಾನದ ಒಂದು ಗುಂಪು ನಮ್ಮದು. ಒಂದು ಕಾಲಕ್ಕೆ ಹದಿನಾಲ್ಕು ಜನ ನಿಂತು ಹಾಡುತ್ತಿದ್ದೆವು. ಒಬ್ಬರಿಗೆ ವರ್ಗವಾಯಿತು. ಇಬ್ಬರು ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬೆಂಗಳೂರಿಗೆ ಹೋದರು. ತರುಣರು ಹಿಂಜವಡಿಯ ಪಾಳಿಗಳಿಗೆ ಸಿಕ್ಕಿಕೊಂಡರು. ಕಳೆದ ವರ್ಷ ರಾಜ್ಯೋತ್ಸವದ ತಯಾರಿಗೆಂದು ಲೆಕ್ಕ ಹಾಕಿದಾಗ ಉಳಿದವರು ಐದು ಜನ, ಅದರಲ್ಲಿ ಒಬ್ಬರಿಗೆ ಕೆಮ್ಮು.

ಹಾಡಬೇಕೆಂದು ಆರಿಸಿದ್ದು ಬೇಂದ್ರೆಯವರ ‘ಗಂಗಾವತರಣ’. ಪುಣೆಯ ಕನ್ನಡಿಗರಿಗೆ ಬೇಂದ್ರೆಯವರ ಮೇಲೆ ಒಂದು ಹೆಚ್ಚಿನ ಹಕ್ಕಿದೆ. ಅವರು ಇಲ್ಲಿಯೇ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮಾಡಿದವರು. ಆದರೆ ಆಕಾಶದಿಂದ ಗಂಗೆಯನ್ನು ಕರೆಯುವ ಹಾಡನ್ನು ನಾಲ್ಕೂವರೆ ಗಂಟಲುಗಳಿಂದ ಹಾಡಿದರೆ ಗಂಗೆಯಿರಲಿ, ಸಭಾಗೃಹದ ಹಿಂದಿನ ಸಾಲಿನವರೂ ಕೇಳಿಸಿಕೊಳ್ಳಲಾರರು.

ಆಗ ಕಾಲೇಜಿಗೆ ಹೋಗುವ ಮಗಳು ಉಪಾಯ ಹೇಳಿದಳು. “ಅಪ್ಪಾ, ಮಂದಿ ಯಾಕ ಬೇಕು? ಲ್ಯಾಪ್‌ಟಾಪಿನಾಗ ಕ್ವಾಯರ್ ಸಿಗತದ.”

ಸಿಗುತ್ತದೆ, ನಿಜ. ಯಾವುದೋ ದೇಶದ ಗಾಯಕರನ್ನು ಸ್ಟುಡಿಯೋದಲ್ಲಿ ನಿಲ್ಲಿಸಿ, ಒಂದೊಂದೇ ಸ್ವರವನ್ನು ಹಾಡಿಸಿ, ಮುದ್ರಿಸಿ, ಕತ್ತರಿಸಿ ಡಬ್ಬಿಗೆ ತುಂಬಿದಂತೆ ತುಂಬಿಟ್ಟಿರುತ್ತಾರೆ. ಮೇಲ್ದನಿಯ ಹೆಂಗಸರು, ಕೆಳದನಿಯ ಹೆಂಗಸರು, ಮೇಲ್ದನಿಯ ಗಂಡಸರು, ಕೆಳದನಿಯ ಗಂಡಸರು ಎಂದು ನಾಲ್ಕು ವಿಭಾಗ. ಈ ನಾಲ್ಕು ಧ್ವನಿಗಳ ಗಾಯನ ಕನ್ನಡಕ್ಕೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಚರ್ಚುಗಳಲ್ಲಿ ಕನ್ನಡ ಕೀರ್ತನೆಗಳನ್ನು ಹೀಗೆ ಹಾಡುವ ರೂಢಿ ಬಹಳ ಹಿಂದಿನದು. ಹೊಸದೆಂದರೆ ಮನುಷ್ಯರಿಲ್ಲದೆ ಹಾಡಿಸುವುದು.

ಹಾಡಿಸುವ ಬಗೆ ತಿಳಿದಾಗ ನಮಗೆ ಬಲು ಆನಂದವಾಯಿತು, ಏಕೆಂದರೆ ಅದು ಅಪ್ಪಟ ಗುಮಾಸ್ತೆಗಿರಿ. ಧ್ವನಿಮುದ್ರಣದ ತಂತ್ರಾಂಶದಿಂದ ಈ ಡಬ್ಬಿಯ ಗಾಯಕರಿಗೆ ಹೋಗುವುದು ಧ್ವನಿಯಲ್ಲ, ಆದೇಶ. ಇಂತಿಂಥ ವಿಭಾಗ, ಇಂತಿಂಥ ಸ್ವರ, ಇಷ್ಟು ಜೋರಾಗಿ, ಆರಂಭಿಸತಕ್ಕದ್ದು. ಮುಂದೆ ಇನ್ನೊಂದು ಆದೇಶ: ನಿಲ್ಲಿಸತಕ್ಕದ್ದು. ಈ ಆದೇಶದ ಭಾಷೆಗೆ ಮಿಡಿ ಎಂದು ಹೆಸರು. 1983ರಲ್ಲಿ ಅಮೆರಿಕದ ಮತ್ತು ಜಪಾನಿನ ಎರಡು ಬೇರೆ ಬೇರೆ ಕಂಪನಿಗಳ ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಿ, ಒಂದನ್ನು ನುಡಿಸಿದರೆ ಇನ್ನೊಂದು ನುಡಿಯುವಂತೆ ಮಾಡಿ ತೋರಿಸಿದರು. ಅದಕ್ಕೆ ಕಾರಣರಾದ ಡೇವ್ ಸ್ಮಿತ್ ಮತ್ತು ಇಕುಟಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ಬಂತು. ಅಂದಿನ ಐದು ಮೊಳೆಯ ತಂತಿ ಈಗ ಲ್ಯಾಪ್‌ಟಾಪಿನೊಳಗೆ ಕಣ್ಣಿಗೆ ಕಾಣದೆ ಅಡಗಿದೆ. ನಿಯಮ ಮಾತ್ರ ಬಹುಮಟ್ಟಿಗೆ ಅದೇ. ಸ್ವರಗಳಿಗೆ 0ಯಿಂದ 127ರ ವರೆಗೆ ಸಂಖ್ಯೆ, ಹಾರ್ಮೋನಿಯಮ್ಮಿನ ನಡುವಣ ಸಿ ಪಟ್ಟಿಗೆ 60. ವಿಭಾಗಗಳು ಹದಿನಾರು, ಅವಕ್ಕೆ ಚಾನೆಲ್ ಎಂದು ಹೆಸರು.

ಮಗಳು ಹಾಡಿನ ನಾಲ್ಕು ಧ್ವನಿಗಳನ್ನು ನಾಲ್ಕು ಸಾಲುಗಳಲ್ಲಿ ಬರೆದಳು. ಗುರುತಿಗಿರಲೆಂದು ಸಾಲುಗಳಿಗೆ ‘ಅಮ್ಮ’, ‘ಕಾಕೂ’, ‘ಮಾಮಾ’, ‘ಅಪ್ಪ’ ಎಂದು ಹೆಸರಿಟ್ಟಳು. ನಾವು ಗುಂಡಿ ಒತ್ತಿದೆವು. ಎದೆ ಝಲ್ಲೆನ್ನುವ ಗದ್ದಲ! ನಾಲ್ಕು ವಿಭಾಗದವರೂ ನಾಲ್ಕು ಸಾಲುಗಳನ್ನೂ ಒಟ್ಟಿಗೆ ಹಾಡುತ್ತಿದ್ದರು. ಕೆಳದನಿಯ ಗಂಡಸರು ಹೆಂಗಸರ ತಾರಸ್ಥಾಯಿಗೆ ಏಣಿ ಹಾಕಿದ್ದರು.

ತಪ್ಪು ನಮ್ಮದೇ. ಕಳಿಸುವ ಕಡೆ ಎಲ್ಲ ಸಾಲುಗಳಿಗೂ ಒಂದೇ ಚಾನೆಲ್ ಇತ್ತು. ಪಡೆಯುವ ಕಡೆ ಪ್ರತಿಯೊಂದು ವಿಭಾಗವೂ ‘ಓಮ್ನಿ’ಯಲ್ಲಿತ್ತು, ಅಂದರೆ ಯಾರಿಗೆ ಬಂದ ಟಪಾಲನ್ನಾದರೂ ಒಡೆದು ಓದುವ ಸ್ಥಿತಿಯಲ್ಲಿತ್ತು. ಇದನ್ನು ನಾವು ಸುತ್ತೋಲೆ ಎನ್ನುತ್ತೇವೆ. ಅಮ್ಮನಿಗೆ ಒಂದು, ಕಾಕೂಗೆ ಎರಡು, ಮಾಮಾನಿಗೆ ಮೂರು, ಅಪ್ಪನಿಗೆ ನಾಲ್ಕು ಎಂದು ಕಳಿಸುವ ಕಡೆಯೂ ಪಡೆಯುವ ಕಡೆಯೂ ಚಾನೆಲ್ ನಿಗದಿ ಮಾಡಿದ ಮೇಲೆ ಅವರವರು ಅವರವರ ಮೇಜಿನಲ್ಲಿ ಕೂತರು.

ಮರುದಿನ ಇನ್ನೊಂದು ಅಧ್ವಾನ. ಮೇಳದಿಂದ ಹೊರಬರುವ ಆದೇಶವನ್ನು ನಾವು ಅದೇ ಸಾಲಿಗೆ ಮರಳಿ ಜೋಡಿಸಿಬಿಟ್ಟಿದ್ದೆವು. ಸಾಲು ಮೇಳಕ್ಕೆ ಹೇಳುವುದು, ಮೇಳ ಸಾಲಿಗೆ ಹೇಳುವುದು, ಸಾಲು ಮತ್ತೆ ಮೇಳಕ್ಕೆ. ‘ಮುಂದಿನ ಕ್ರಮಕ್ಕಾಗಿ’ ಎಂದು ಎರಡು ಶಾಖೆಗಳ ನಡುವೆ ತಿರುಗುವ ಕಡತ ನೋಡಿದವರಿಗೆ ಇದು ಹೊಸತಲ್ಲ. ಆದರೆ ಕಚೇರಿಯಲ್ಲಿ ಒಂದು ಸುತ್ತಿಗೆ ಆರು ತಿಂಗಳು ಬೇಕು. ಇಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನೂರಾರು ಸುತ್ತಾಗಿ ಲ್ಯಾಪ್‌ಟಾಪು ಸೆಟೆದುಕೊಂಡಿತು. ಮರಳುವ ದಾರಿಯನ್ನು ಕತ್ತರಿಸಿದೆವು.

ಮೂರನೆಯ ರಾತ್ರಿಯದಂತೂ ಮರೆಯುವಂಥದಲ್ಲ. ಹಾಡು ನಡೆಯುತ್ತಿದ್ದಾಗಲೇ ನಾವು ಕಾಕೂ ಸಾಲನ್ನು ಎರಡರಿಂದ ಮೂರಕ್ಕೆ ಬದಲಿಸಿ ಪರೀಕ್ಷೆ ಮಾಡಹೊರಟೆವು. ಆರಂಭದ ಆದೇಶ ಎರಡನೆಯ ವಿಭಾಗಕ್ಕೆ ಹೋಗಿತ್ತು, ನಿಲುಗಡೆಯದು ಮೂರನೆಯದಕ್ಕೆ ಹೋಯಿತು. ಎರಡನೆಯವರು ಪಾಪ, ಯಾರೂ ನಿಲ್ಲಿಸೆನ್ನಲಿಲ್ಲವಲ್ಲ ಎಂದು “ಆ…” ಎನ್ನುತ್ತಲೇ ಉಳಿದರು. ಉಸಿರಿಲ್ಲ, ದಣಿವಿಲ್ಲ. ಎದುರು ಮನೆಯ ಮರಾಠಿ ಕಾಕಾ ಬಾಗಿಲು ಬಡಿದು, ಗಂಭೀರ ಮುಖದಿಂದ, “ಕೋಣ ಗೇಲಂ?” ಎಂದು ಕೇಳಿದರು. ಯಾರೋ ತೀರಿಕೊಂಡು ಹೆಂಗಸರು ಅಳುತ್ತಿದ್ದಾರೆಂದು ಅವರು ತಿಳಿದಿದ್ದರು. ಹುಬ್ಬಳ್ಳಿಯಿಂದ ಹೊಸದಾಗಿ ಬಂದಿದ್ದ ನಮ್ಮ ಅತ್ತೆಯವರು ಯಾವ ಕೋಣ ಎಲ್ಲಿ ಹೋಯಿತೆಂದು ಗಾಬರಿಯಾಗಿ ಗ್ಯಾಲರಿಗೆ ಓಡಿದರು. ಎಲ್ಲ ಸ್ವರಗಳನ್ನೂ ಒಮ್ಮೆಗೇ ನಿಲ್ಲಿಸುವ ಆದೇಶವೊಂದು ಮಿಡಿಯಲ್ಲಿದೆ, ಅದರ ಸಂಖ್ಯೆ 123. ಅದನ್ನು ಕಳಿಸಿದಾಗ ಮನೆ ಶಾಂತವಾಯಿತು.

ಇಷ್ಟೆಲ್ಲ ಆದ ಮೇಲೆ ಮೇಳ ಹಾಡಿತು. ಸುಳ್ಳು ಹೇಳಬಾರದು, ಶ್ರುತಿ ಎಳ್ಳಷ್ಟೂ ತಪ್ಪಲಿಲ್ಲ. ನಾವು ಹೆಮ್ಮೆಯಿಂದ ಮನೆಯವರ ಮುಖ ನೋಡಿದೆವು. ಅವರು ತೊಗರಿಬೇಳೆ ಆರಿಸುತ್ತ ಪೂರ್ತಿ ಕೇಳಿ, “ಚಂದದ. ಮಾತು ಎಲ್ಲಿ?” ಎಂದರು.

ಮಾತು ಇರಲಿಲ್ಲ. ನಮ್ಮ ಮೇಳ ಪುಕ್ಕಟೆಯದು, ಅದಕ್ಕೆ ಬರುತ್ತಿದ್ದುದು ‘ಆ’ ಮತ್ತು ‘ಊ’ ಎರಡೇ. ಹಣ ಕೊಟ್ಟರೆ ಮಾತಾಡುವ ಮೇಳಗಳೂ ಉಂಟು. ಈಸ್ಟ್‌ವೆಸ್ಟ್ ಕಂಪನಿಯ ಸಿಂಫೋನಿಕ್ ಕ್ವಾಯರ್ಸ್ ಎಂಬುದರ ಜೊತೆಗೆ ವರ್ಡ್‌ಬಿಲ್ಡರ್ ಎಂಬ ಉಪಕರಣವಿದೆ. ಅಕ್ಷರಗಳ ಉಚ್ಚಾರವನ್ನು ಬರೆದುಕೊಟ್ಟರೆ ಮಿಡಿ ಆದೇಶದ ದಾರಿಯಲ್ಲಿ ನಡುವೆ ಕುಳಿತು ಗಾಯಕರ ಬಾಯಿಂದ ಆ ಧ್ವನಿಗಳನ್ನು ಜೋಡಿಸಿ ನುಡಿಸುತ್ತದೆ. ಆದರೆ ಇಂಗ್ಲಿಷ್ ಬಾಯಿಗೆ ಇಲ್ಲದ ಧ್ವನಿಯನ್ನು ಎಲ್ಲಿಂದ ಜೋಡಿಸುವುದು? ನಮ್ಮ ಹಾಡಿನ ಮೊದಲ ಮಾತಿನಲ್ಲಿಯೇ ಒಂದು ‘ಳ’ ಕುಳಿತಿದೆ.

ಮೀಂಡಿನದು ಇನ್ನೊಂದು ತೊಡಕು. ಮಿಡಿಯ ಸ್ವರಗಳು ಮೆಟ್ಟಿಲುಗಳಿದ್ದಂತೆ, 60 ಆದ ಮೇಲೆ 61. ಎರಡರ ನಡುವೆ ಜಾರಬೇಕಾದರೆ ಪಿಚ್ ಬೆಂಡ್ ಎಂಬ ಬೇರೊಂದು ಆದೇಶ ಕಳಿಸಬೇಕು. ಅದಕ್ಕೆ 16,384 ಹಂತಗಳಿವೆ, ಆದರೆ ಅದು ಇಡೀ ಚಾನೆಲ್ಲಿಗೆ ಅನ್ವಯ. ಒಂದೇ ಚಾನೆಲ್ಲಿನಲ್ಲಿ ನಾಲ್ವರಿದ್ದರೆ ಒಬ್ಬರ ಸಲುವಾಗಿ ನಾಲ್ವರೂ ಜಾರುತ್ತಾರೆ. ಬೇರೆ ಬೇರೆ ಚಾನೆಲ್ ಕೊಟ್ಟಿದ್ದರಿಂದ ಆ ಅನಾಹುತ ತಪ್ಪಿತು. ಒಂದು ಭಾನುವಾರವಿಡೀ ಕೂತು ನಾವು ಎರಡು ಸಾಲುಗಳ ಜಾರುವಿಕೆಯನ್ನು ಬೆರಳಿನಿಂದ ಗೆರೆ ಎಳೆದು ತಿದ್ದಿದೆವು. ಗದಗಿನ ಭೀಮಸೇನ ಜೋಶಿಯವರು ನೆಲೆಸಿದ್ದ ಊರಿದು. ತಮ್ಮ ಗುರು ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಅವರು 1953ರಲ್ಲಿ ಆರಂಭಿಸಿದ ಉತ್ಸವಕ್ಕೆ ಹೋಗಿ ನಮ್ಮ ಕಿವಿ ಕೆಟ್ಟಿದೆ. ಬೆರಳಿನಿಂದ ಎಳೆದ ಮೀಂಡು ಆ ಕಿವಿಗೆ ಹಿಡಿಸಲಿಲ್ಲ.

“ಅದಿರಲಿ,” ಎಂದರು ಮನೆಯವರು, ಪರದೆಯ ಮೇಲಿನ ಎರಡನೆಯ ಸಾಲನ್ನು ತೋರಿಸುತ್ತ. “ಇಲ್ಲೆ ಕಾಕೂ ಅಂತ ಬರದೀರಲ್ಲ. ಕಾಕೂನ ಕೇಳೀರೇನು?”

ನಮ್ಮ ಬಾಯಿ ಕಟ್ಟಿತು.

ಗುಂಪಿನ ಎಲ್ಲರಿಗೂ ಅವರು ಕಾಕೂ. ಡಹಾಣೂಕರ ಕಾಲನಿಯಲ್ಲಿ ಮನೆ, ಅರವತ್ತು ದಾಟಿದ ವಯಸ್ಸು. ಹದಿನಾಲ್ಕು ಜನರ ಕೆಳಗೆ ಜಮಖಾನೆ ಹಾಸಿದಂತೆ ಹಾಸಿಕೊಳ್ಳುತ್ತಿದ್ದ ಮಂದ್ರದ ಕಂಠ. ಹಿಂದಿನ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ನಾವೆಲ್ಲ ಹೋದೆವು, ಗೋಡೆಗೆ ಒರಗಿ ಸುಮ್ಮನೆ ಕುಳಿತೆವು, ಬಂದೆವು. ಆಮೇಲೆ ಅವರು ತಾಲೀಮಿಗೆ ಬರಲಿಲ್ಲ. ದುಃಖದಲ್ಲಿರುವವರನ್ನು ಹಾಡಲು ಕರೆಯುವುದು ಹೇಗೆಂದು ನಾವೂ ಕರೆಯಲಿಲ್ಲ. ಒಂಬತ್ತು ತಿಂಗಳು ಹಾಗೆಯೇ ಸರಿದಿದ್ದವು. ಯಂತ್ರದಲ್ಲಿ ಅವರ ಹೆಸರಿಗೆ ಚಾನೆಲ್ ಕೊಟ್ಟು ರಾತ್ರಿಗಟ್ಟಲೆ ಆದೇಶ ಕಳಿಸಿದ ನಾವು, ಹತ್ತು ನಿಮಿಷದ ದಾರಿಯಲ್ಲಿದ್ದ ಮನೆಗೆ ಒಂದು ಮಾತು ಕಳಿಸಿರಲಿಲ್ಲ. ವಿಳಾಸ ಗೊತ್ತಿತ್ತು, ಟಪಾಲು ಹೋಗಿರಲಿಲ್ಲ. ಟಪಾಲು ವಿಭಾಗದವರಿಗೆ ಇದಕ್ಕಿಂತ ಹೆಚ್ಚಿನ ಅವಮಾನವಿಲ್ಲ.

ಮರುದಿನ ಸಂಜೆ ಲ್ಯಾಪ್‌ಟಾಪು ಹಿಡಿದು ಮೂವರೂ ಹೋದೆವು. ಕಾಕೂ ಚಹಾ ಇಟ್ಟರು. ನಾವು ಅಳುಕುತ್ತಲೇ ವಿಷಯ ತೆಗೆದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಅವರು ಹೋದ ಮ್ಯಾಲೆ ಎಲ್ಲಾರೂ ಬಂದ್ರಿ, ಕೂತ್ರಿ, ಹೋದ್ರಿ. ಹಾಡ್ಲಿಕ್ಕೆ ಬರ್ರಿ ಅಂತ ಒಬ್ಬರೂ ಅನ್ನಲಿಲ್ಲ. ನಾನಾಗೇ ಹೆಂಗ ಬರಲೋ ತಮ್ಮಾ? ಗಂಡ ಹೋಗಿ ವರ್ಷ ಆಗಿಲ್ಲ, ಹಾಡ್ಲಿಕ್ಕೆ ಬಂದಾಳ ಅಂತಾರಲ್ಲ. ಹಾಡೋದು ಅಂದ್ರ ಬರೇ ಸಂತೋಷಕ್ಕ ಅಂತ ತಿಳಕೊಂಡೀರಿ ನೀವೆಲ್ಲ.”

ನಮ್ಮ ಮನೆಯವರು ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತರು. ಮಗಳು ಏನು ಮಾಡಬೇಕೆಂದು ತೋಚದೆ ಯಂತ್ರದ ಹಾಡು ಹಚ್ಚಿದಳು. ಕಾಕೂ ಕಣ್ಣು ಮುಚ್ಚಿ ಕೇಳಿದರು.

“ಶ್ರುತಿ ಒಂಚೂರೂ ಬಿಡೂದಿಲ್ಲ, ಖರೆ. ಆದ್ರ ಗಂಗಿ ಹಿಂಗ ಮೆಟ್ಟಲಾ ಎಣಿಸಿಕೋತ ಇಳೀತಾಳೇನೋ?” ಎಂದವರೇ, ಆ ‘ಆ’ಕಾರದ ಮೇಲೆಯೇ ತಮ್ಮ ಸಾಲನ್ನು ಎತ್ತಿಕೊಂಡರು. ಒಂಬತ್ತು ತಿಂಗಳು ಮುಚ್ಚಿಟ್ಟ ಗಂಟಲು, ಎರಡು ಕಡೆ ಒಡೆಯಿತು. ‘ಳ’ ಬಂದಾಗ ನಾಲಿಗೆ ಮಡಿಚಿ, ತೂಗಿ, ಇಳಿದ ಪರಿಯನ್ನು ಯಾವ ಸಂಖ್ಯೆಯಿಂದ ಬರೆಯುವುದೋ ನಮಗೆ ತಿಳಿಯದು. ಮಗಳು ಮೆಲ್ಲಗೆ ಕೈ ಚಾಚಿ ಎರಡನೆಯ ಸಾಲಿನ ಧ್ವನಿಯನ್ನು ಅಡಗಿಸಿದಳು.

ಯಂತ್ರ ವ್ಯರ್ಥವಾಗಲಿಲ್ಲ. ಒಂದೊಂದು ಧ್ವನಿಯನ್ನು ಜೋರಾಗಿ, ಉಳಿದವನ್ನು ಮೆಲ್ಲಗೆ ಇಟ್ಟು ನಾಲ್ಕು ಬಗೆಯಲ್ಲಿ ಮುದ್ರಿಸಿ ಅವರವರ ಮೊಬೈಲಿಗೆ ಕಳಿಸಿದೆವು. ಹಿಂಜವಡಿಯ ತರುಣರಿಬ್ಬರು ಬಸ್ಸಿನಲ್ಲಿ ಕೂತು ಅದನ್ನು ಕೇಳಿ ಕಲಿತು ಬಂದರು. ‘ಕೋಣ ಗೇಲಂ’ ಎಂದಿದ್ದ ಎದುರು ಮನೆಯ ಕಾಕಾ, ನಡೆದದ್ದನ್ನೆಲ್ಲ ಕೇಳಿ, ತಾವೂ ಕೆಳದನಿಗೆ ನಿಲ್ಲುತ್ತೇನೆಂದರು. ಅವರಿಗೆ ಸಾಹಿತ್ಯವನ್ನು ದೇವನಾಗರಿಯಲ್ಲಿ ಬರೆದುಕೊಟ್ಟೆವು. ‘ಳ’ ಮರಾಠಿಯ ಸ್ವಂತ ಆಸ್ತಿಯಾದ್ದರಿಂದ ಅವರಿಗೆ ಅಲ್ಲಿ ಪಾಠ ಬೇಕಾಗಲಿಲ್ಲ.

ರಾಜ್ಯೋತ್ಸವಕ್ಕೆ ಒಂಬತ್ತು ಜನ ನಿಂತೆವು. ಯಂತ್ರದ ಮೇಳ ಹಿಂದಿನಿಂದ ತಂಬೂರಿಯಷ್ಟು ಮೆಲ್ಲಗೆ ‘ಆ’ ಎನ್ನುತ್ತಿತ್ತು, ಮೂರೇ ಸಾಲಿನಲ್ಲಿ. ಎರಡನೆಯ ಚರಣದಲ್ಲಿ ನಾವು ಒಂದು ಮಾತ್ರೆ ಮುಂದೆ ಓಡಿದೆವು, ಯಂತ್ರ ಓಡಲಿಲ್ಲ. ಕಾಕೂ ನಮ್ಮ ಕಡೆ ಒಂದು ನೋಟ ಎಸೆದು ಎಲ್ಲರನ್ನೂ ಹಿಂದಕ್ಕೆ ಎಳೆದು ತಂದರು. ಆ ಆದೇಶ ಯಾವ ಚಾನೆಲ್ಲಿನಲ್ಲಿ ಬಂತೋ, ಒಂಬತ್ತು ಜನರಿಗೂ ತಲುಪಿತು.

ತಾಲೀಮು ಪ್ರತಿ ಭಾನುವಾರ ಸಂಜೆ ನಡೆದಿದೆ, ಈಗ ಡಹಾಣೂಕರ ಕಾಲನಿಯಲ್ಲಿ, ಕಾಕೂ ಅವರ ಮನೆಯಲ್ಲಿಯೇ. ಕೆಳದನಿಯ ಹೆಂಗಸರು ಇನ್ನೂ ಇಬ್ಬರು ಬೇಕಾಗಿದ್ದಾರೆ. ಯಾರಾದರೂ ಕರೆಯಲೆಂದು ಕಾಯುತ್ತಿರುವವರು ಇದನ್ನೇ ಕರೆಯೆಂದು ತಿಳಿಯಬೇಕು.