ಹಳೇ ವಿಳಾಸ

ಶನಿವಾರ ಮಧ್ಯಾಹ್ನವೆಲ್ಲ ಮಗಳ ರೋಬೋಟ್ ತಂಡದ ಜೊತೆ ಕಳೆಯಿತು. ಇಲ್ಲಿ ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳಿಗೆ 1992ರಿಂದ ನಡೆಯುತ್ತಿರುವ ಫಸ್ಟ್ ರೋಬೋಟಿಕ್ಸ್ ಸ್ಪರ್ಧೆಗೆ ತಯಾರಿ. ಆರು ವಾರ ನಿದ್ದೆಗೆಟ್ಟು ಕಟ್ಟಿದ ಯಂತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮೋಟಾರ್ ಸರಿ, ಬ್ಯಾಟರಿ ಸರಿ, ರೇಡಿಯೋ ದೀಪವೂ ಉರೀತಿದೆ. ಲ್ಯಾಪ್‌ಟಾಪಿಗೆ ಮಾತ್ರ ರೋಬೋಟ್ ಕಾಣಿಸುತ್ತಲೇ ಇಲ್ಲ.

ಈ ಸ್ಪರ್ಧೆಯವರ ನೆಟ್‌ವರ್ಕ್ ಲೆಕ್ಕ ನನಗೆ ಬಲು ಇಷ್ಟ. ತಂಡದ ಸಂಖ್ಯೆಯೇ ಬೀದಿಯ ಹೆಸರು. 1234 ಅನ್ನುವ ತಂಡವಾದರೆ ಐಪಿ ವಿಳಾಸ 10.12.34ರಿಂದ ಶುರು. ಕೊನೆಯಲ್ಲಿ 1 ಬಂದರೆ ರೇಡಿಯೋ, 2 ಬಂದರೆ ರೋಬೋಟಿನ ಮಿದುಳು ರೋಬೋರಿಯೋ. ಲ್ಯಾಪ್‌ಟಾಪಿಗೆ ಕೈಯಾರೆ ವಿಳಾಸ ಕೊಡುವುದಾದರೆ 5. ಸಾಮಾನ್ಯವಾಗಿ ಆ ಉಸಾಬರಿಯೂ ಬೇಡ, ಡಿಎಚ್‌ಸಿಪಿಗೆ ಬಿಟ್ಟರೆ ವಿಳಾಸ ತಾನೇ ಸಿಗುತ್ತದೆ.

ನಮ್ಮ ಲ್ಯಾಪ್‌ಟಾಪು ಬೇರೊಂದು ತಂಡದಿಂದ ಬಂದ ಸೆಕೆಂಡ್‌ಹ್ಯಾಂಡ್ ಮಾಲು. ಅವರು ಯಾವತ್ತೋ ಹಾಕಿದ್ದ ಸ್ಥಿರ ವಿಳಾಸ ಹಾಗೇ ಕೂತಿತ್ತು, ಮನೆ ಬದಲಿಸಿ ವರ್ಷವಾದರೂ ರೇಷನ್ ಕಾರ್ಡಿನಲ್ಲಿ ಹಳೇ ಬೀದಿಯೇ ಇರುವ ಹಾಗೆ. ಮೂರು ತಾಸು ನಾವು ವೈರು ಕಿತ್ತು ಹಾಕಿದ್ದೇ ಹಾಕಿದ್ದು! (ಸಾಫ್ಟ್‌ವೇರಿನಲ್ಲಿ ಇಪ್ಪತ್ತು ವರ್ಷ ಸವೆಸಿದವನು ಅಂತ ಅಲ್ಲಿ ಯಾರಿಗೂ ಹೇಳಲಿಲ್ಲ.) ಎತರ್ನೆಟ್ಟನ್ನು ‘ಆಟೋಮ್ಯಾಟಿಕ್’ಗೆ ತಿರುಗಿಸಿ, ವಿಂಡೋಸ್ ಫೈರ್‌ವಾಲ್ ಆಫ್ ಮಾಡಿ, ಶಾಲೆಯ ವೈಫೈ ಬಿಡಿಸಿದ್ದಷ್ಟೇ, ಪರದೆಯ ಮೇಲೆ ಕೆಂಪು ಹೋಗಿ ಹಸಿರು ಬಂತು.

"ಅಪ್ಪಾ, ಕಾಲು ತೆಗಿ," ಅಂದಳು ಮಗಳು. ಅಷ್ಟರಲ್ಲಿ ಅದು ಹೊರಟಾಗಿತ್ತು.