ಉಟ್ಟ ಸೀರೆ, ತೊಟ್ಟ ಕುಬಸ

ರೋಣ

ಪ್ರೀತಿಯ ತಂಗಿ,

ಮೊನ್ನೆ ಫೋನಿನಲ್ಲಿ ನಿನ್ನ ಮಗಳು, "ದೊಡ್ಡವ್ವಾ, ಅಜ್ಜಿ ಯಾವ ಸೀರಿ ಹಾಕ್ಕೊಂಡಾಳ?" ಎಂದು ಕೇಳಿದಳಲ್ಲ, ಪಕ್ಕದಲ್ಲೇ ಕೂತಿದ್ದ ಅವ್ವ ತಡೆಯಲಾರದೆ ಅಂದಳು: "ಮೇವು ಹಾಕ್ತಾರವ್ವಾ, ಸೀರಿ ಉಡ್ತಾರ."

ಅಂದಿನಿಂದ ಅದೇ ಮಾತು ತಲೆಯಲ್ಲಿ ಕೂತಿದೆ. ನನ್ನ ಶಾಲೆಯಲ್ಲೂ 'ವೇರ್' ಅಂದರೇನು ಎಂದರೆ ಮಕ್ಕಳೆಲ್ಲ ಒಂದೇ ಉಸಿರಿಗೆ 'ಹಾಕ್ಕೊಳ್ಳೋದು' ಎನ್ನುತ್ತಾರೆ. ತಪ್ಪೆನ್ನಲಾರೆ. ಆದರೆ ಹೊಲಿಗೆ ಕಾಣದ ಸೀರೆ, ಧೋತರ ಉಡುವಂಥವು; ತೋಳು ತೂರಿಸುವ ಅಂಗಿ, ಕುಬಸ ತೊಡುವಂಥವು. ರುಮಾಲು ಸುತ್ತುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಕಿಟೆಲ್ 1894ರ ತಮ್ಮ ನಿಘಂಟಿನಲ್ಲಿ ಉಡು, ತೊಡು ಎರಡಕ್ಕೂ ಬೇರೆ ಬೇರೆ ಜಾಗ ಕೊಟ್ಟಿದ್ದಾರೆ. ಇಂಗ್ಲಿಷಿಗೂ ಅದರದೇ ನಾಜೂಕಿದೆ, ಅದನ್ನೂ ಮಗಳಿಗೆ ಹೇಳು: ಉಟ್ಟುಕೊಳ್ಳುವ ಕೆಲಸ 'ಪುಟ್ ಆನ್', ಉಟ್ಟುಕೊಂಡಿರುವುದು 'ವೇರ್'. ಸವೆಯುವುದಕ್ಕೂ ಅದೇ 'ವೇರ್'.

ನಮ್ಮ ಕಡೆ ಈ ಮಾತುಗಳಲ್ಲಿ ಹೆಣ್ಣಿನ ಬದುಕೇ ಇದೆ. ನೀನು ಬಸುರಿಯಾಗಿದ್ದಾಗ ನಾವು ಮಾಡಿದ ಶಾಸ್ತ್ರದ ಹೆಸರೂ ಕುಬಸ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮಾಡುವ ಮರುಮದುವೆ ಉಡಕಿ. 'ಹಾಕು' ಎಂಬಲ್ಲಿಂದ ಇಂಥ ಹೆಸರು ಹುಟ್ಟೀತೇ?

ಅವ್ವನ ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆ ನೆನಪಿದೆಯಲ್ಲ? ಹತ್ತಿಯದು, ಚೌಕಳಿ, ಒಳಮೈ ಹೊರಮೈ ಎರಡೂ ಒಂದೇ. ಸೆರಗನ್ನು ಹಲ್ಲಲ್ಲಿ ಕಚ್ಚಿ, ಬೆರಳಗಲಿಸಿ ನಿರಿಗೆ ಹಿಡಿದು, ಹೊಟ್ಟೆ ಒಳಗೆಳೆದು ಸಿಕ್ಕಿಸುತ್ತಿದ್ದಳು. ನಾವಿಬ್ಬರೂ ನೆಲದಲ್ಲಿ ಕೂತು ಕೆಳಗಿನ ಅಂಚು ಸಮ ಮಾಡಬೇಕು. ನೀನು ಎಳೆದರೆ ನಿರಿಗೆ ಬಿಚ್ಚಿಹೋಗಿ ಮತ್ತೆ ಮೊದಲಿಂದ. ಒಂದು ದಿನವೂ ಗದರಲಿಲ್ಲ.

ಆ ಸೀರೆ ಮೊಣಕಾಲಿನ ಹತ್ತಿರ ಪೂರಾ ಜಾಳಾಗಿತ್ತು. ಎಸೆಯಲು ಮನಸ್ಸು ಬರಲಿಲ್ಲ. ನರಗುಂದದ ಚಿಗವ್ವ ಅದನ್ನು ತುಂಡು ಮಾಡಿ, ಒಳಗೆ ಅಪ್ಪನ ಹಳೇ ಧೋತರ ಇಟ್ಟು ಕೌದಿ ಹೊಲಿದು ಕೊಟ್ಟಿದ್ದಾಳೆ. ಒಂದು ಮೂಲೆಯಲ್ಲಿ ಅಂಚು ಹಾಗೇ ಉಳಿದಿದೆ, ಬೇಕೆಂದೇ ಉಳಿಸಿದ್ದು. ಇವತ್ತು ಪಾರ್ಸೆಲ್ ಮಾಡಿದೆ. ಬಿಸಿನೀರಲ್ಲಿ ಒಗೆಯಬೇಡ, ನೆರಳಲ್ಲಿ ಒಣಗಿಸು.

ಮಗಳು ಕೇಳಿದರೆ ಹೇಳು, ಅಜ್ಜಿ ಉಟ್ಟದ್ದನ್ನು ಅವಳು ಇನ್ನು ಹೊದ್ದುಕೊಳ್ಳಬೇಕು.

ನಿನ್ನ ಅಕ್ಕ