ಜಗಲಿಯಿಂದ ಕೈಗೆ ಬಂದ ಗ್ರಂಥಗಳು

ಲಿಂಗವಂತರ ಮನೆಗಳಲ್ಲಿ ಗ್ರಂಥಕ್ಕೆ ಎರಡು ಸ್ಥಾನಗಳುಂಟು. ಒಂದು ದೇವರ ಜಗಲಿ, ಇನ್ನೊಂದು ಓದುವವರ ಕೈ. ಜಗಲಿಯ ಮೇಲಿನ ಗ್ರಂಥಕ್ಕೆ ವಿಭೂತಿ, ಪತ್ರಿ, ಪುಷ್ಪಗಳು ಏರುತ್ತವೆ. ಕೈಯಲ್ಲಿರುವ ಗ್ರಂಥಕ್ಕೆ ಎಣ್ಣೆಯ ಕಲೆ ಹತ್ತುತ್ತದೆ, ಹಾಳೆಗಳು ಮಡಿಚಿಕೊಳ್ಳುತ್ತವೆ, ಅಂಚಿನಲ್ಲಿ ಸೀಸದಕಡ್ಡಿಯ ಗೆರೆಗಳು ಮೂಡುತ್ತವೆ. ನಮ್ಮ ಬಾಳನ್ನು ತಿದ್ದಿದ ಗ್ರಂಥಗಳಾವುವೆಂದು ಕೇಳಿದರೆ ಈ ಎರಡನೆಯ ಬಗೆಯವನ್ನೇ ನಾವು ಹೆಸರಿಸಬೇಕಾಗುತ್ತದೆ. ಅವುಗಳ ಸಂಖ್ಯೆ ದೊಡ್ಡದೇನೂ ಅಲ್ಲ.

ಓದುವುದಕ್ಕಿಂತ ಮೊದಲು ನಾವು ಕೇಳಿದವರು. ಶ್ರಾವಣ ಮಾಸ ಬಂದಿತೆಂದರೆ ಊರ ಮಠದಲ್ಲಿ ಭೀಮಕವಿಯ ಬಸವಪುರಾಣ ಪ್ರಾರಂಭವಾಗುತ್ತಿತ್ತು. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಪುರಾಣವನ್ನು ಆಧರಿಸಿ 1369ರಲ್ಲಿ ಭಾಮಿನಿ ಷಟ್ಪದಿಯಲ್ಲಿ ಮೂಡಿದ ಈ ಕಾವ್ಯವನ್ನು ಒಬ್ಬರು ರಾಗವಾಗಿ ಹಾಡುವರು, ಮತ್ತೊಬ್ಬರು ಅರ್ಥ ಹೇಳುವರು. ಶರಣರ ಪವಾಡಗಳನ್ನು ಕೇಳುತ್ತ ಕೇಳುತ್ತ ತಾಯಂದಿರ ಮಡಿಲಲ್ಲಿಯೇ ನಾವು ನಿದ್ದೆಹೋಗುತ್ತಿದ್ದೆವು. ಪುರಾಣಗಳೆಂದರೆ ಮೂಗು ಮುರಿಯುವ ವಿದ್ಯಾವಂತರು ಇಂದು ನಮ್ಮಲ್ಲಿ ಹಲವರಿದ್ದಾರೆ. ಆ ಪಂಕ್ತಿಯಲ್ಲಿ ಕೂಡಲು ನಮಗೆ ಮನಸ್ಸಿಲ್ಲ. ಅಕ್ಷರವರಿಯದ ಸಾವಿರಾರು ಒಕ್ಕಲು ಮಕ್ಕಳಿಗೆ ಶರಣರ ಹೆಸರುಗಳನ್ನು ಉಳಿಸಿಕೊಟ್ಟದ್ದು ಆ ಷಟ್ಪದಿಯ ಧಾಟಿಯೇ. ಆದರೂ ಒಂದು ಮಾತನ್ನು ಒಪ್ಪಬೇಕು. ಪುರಾಣವನ್ನು ಕೇಳಿ ನಾವು ಬೆರಗಾದೆವೇ ಹೊರತು ಅದು ನಮ್ಮನ್ನು ಏನನ್ನೂ ಕೇಳಲಿಲ್ಲ.

ಹಾಗೆ ಕೇಳಿದ್ದು ವಚನ. ವಚನವು ನಮ್ಮ ಮನೆಗಳಿಗೆ ಪುಸ್ತಕವಾಗಿ ಬಂದ ಕಥೆ ಅನೇಕ ವಾಚಕರಿಗೆ ತಿಳಿದಿದ್ದರೂ ಮತ್ತೆ ಹೇಳತಕ್ಕದ್ದಾಗಿದೆ. ಓಲೆಗರಿಯ ಕಟ್ಟುಗಳು ಎಷ್ಟೋ ಮಠಗಳಲ್ಲಿ, ಎಷ್ಟೋ ಮನೆಗಳಲ್ಲಿ ಕೆಂಪು ವಸ್ತ್ರದೊಳಗೆ ಭದ್ರವಾಗಿದ್ದವು. ಅವುಗಳಿಗೆ ಪೂಜೆಯಾಗುತ್ತಿತ್ತು, ಆದರೆ ಕಟ್ಟು ಬಿಚ್ಚುವವರು ವಿರಳ. ಧಾರವಾಡದಲ್ಲಿ 1880ರಲ್ಲಿ ಜನಿಸಿ ವಿಜಾಪುರದಲ್ಲಿ ವಕೀಲಿ ವೃತ್ತಿ ಹಿಡಿದಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಬೇಡಿ, ಕಾಡಿ, ಆ ಕಟ್ಟುಗಳನ್ನು ಸಂಗ್ರಹಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗ ಬೆಳಕು ಕಂಡಿತು. 1925ರಲ್ಲಿ ಅವರು ಹಿತಚಿಂತಕವೆಂಬ ಸ್ವಂತ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ಶಿವಾನುಭವ ಪತ್ರಿಕೆ ಹೊರಟಿತು. ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದುದೂ ಅದೇ 1926ರಲ್ಲಿ. ವಕೀಲಿಯಲ್ಲಿ ಗಳಿಸಿದ್ದು ಅಚ್ಚುಮೊಳೆಗಳ ಪಾಲಾಯಿತು. 1964ರಲ್ಲಿ ಅವರು ಲಿಂಗೈಕ್ಯರಾದಾಗ ಅವರ ಬಳಿ ಉಳಿದಿದ್ದ ಐಶ್ವರ್ಯವೆಂದರೆ ಮುದ್ರಿತವಾದ ವಚನಗಳು ಮಾತ್ರ ಎಂದರೆ ಉತ್ಪ್ರೇಕ್ಷೆಯಾಗದು.

ಅವರ ಮುದ್ರಣಗಳಲ್ಲಿ ಕೆಲವು ಮತ್ತು ಶಿವಾನುಭವದ ಹಳೆಯ ಸಂಚಿಕೆಗಳು ನಮ್ಮ ಅಜ್ಜನವರ ಕಾಲದಿಂದ ಮನೆಯಲ್ಲಿದ್ದವು. ಅಜ್ಜನವರು ಅವನ್ನೂ ಜಗಲಿಯ ಮೇಲೆಯೇ ಇಟ್ಟಿದ್ದರು! ಅಲ್ಲಿಂದ ಕೆಳಗಿಳಿಸಿದವರು ನಮ್ಮ ತಾಯಿಯವರು. ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದ ಅವರಿಗೆ ಓದುವ ಹಂಬಲವಿತ್ತು, ಓದಲು ಬೇರೆ ಪುಸ್ತಕಗಳಿರಲಿಲ್ಲ. ಸಾಯಂಕಾಲದ ಲಿಂಗಪೂಜೆ ಮುಗಿದ ಮೇಲೆ ಕಂದೀಲಿನ ಬೆಳಕಿನಲ್ಲಿ ಒಂದೊಂದು ಅಕ್ಷರವನ್ನೂ ಬಿಡಿಸಿ ಗಟ್ಟಿಯಾಗಿ ಓದುವುದು ಅವರ ರೂಢಿ. ಮಕ್ಕಳು ಕೇಳುವರು, ತಂದೆಯವರು ಅಂಗಡಿಯ ಖಾತೆ ಬರೆಯುತ್ತ ಕೇಳದವರಂತೆ ಕುಳಿತಿರುವರು.

ತಂದೆಯವರದು ಕಾಳುಕಡಿಯ ವ್ಯಾಪಾರ. 1972ರ ಬರಗಾಲವನ್ನು ಆ ಭಾಗದ ಹಿರಿಯರು ಮರೆತಿರಲಾರರು. ಮಳೆ ಕೈಕೊಟ್ಟಿತ್ತು. ಜೋಳದ ಬೆಲೆ ವಾರವಾರಕ್ಕೆ ಏರುತ್ತಿತ್ತು. ನಮ್ಮ ಹಗೇವಿನಲ್ಲಿ ಹಿಂದಿನ ಸುಗ್ಗಿಯ ಬಿಳಿಜೋಳವಿತ್ತು. ಇನ್ನೆರಡು ತಿಂಗಳು ತಡೆದರೆ ಅಕ್ಕನ ಮದುವೆಯ ಖರ್ಚೆಲ್ಲ ಅದರಿಂದಲೇ ಹೊರಡುವ ಲೆಕ್ಕ. ವ್ಯಾಪಾರಸ್ಥರ ದೃಷ್ಟಿಯಲ್ಲಿ ಅದರಲ್ಲಿ ತಪ್ಪೇನೂ ಇರಲಿಲ್ಲ, ಊರಿನಲ್ಲಿ ಎಲ್ಲರ ಲೆಕ್ಕವೂ ಅದೇ ಆಗಿತ್ತು.

ಆ ದಿನಗಳಲ್ಲೊಂದು ಸಂಜೆ ಓದಿನ ಸರದಿಗೆ ಆಯ್ದಕ್ಕಿ ಲಕ್ಕಮ್ಮನವರು ಬಂದರು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಮಹಾಮನೆಯ ಅಂಗಳದಿಂದ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಮಡದಿ ಅದನ್ನು ಕಂಡು ಹಿಗ್ಗಲಿಲ್ಲ. ಇಷ್ಟೇಕೆಂದು ಪ್ರಶ್ನಿಸಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಕದ್ದ ಅಕ್ಕಿಯಲ್ಲ ಅದು, ಯಾರಿಗೂ ಬೇಡವಾಗಿ ನೆಲಕ್ಕೆ ಬಿದ್ದದ್ದು. ಆದರೂ ಅಂದಿನ ಅಗತ್ಯಕ್ಕೆ ಮೀರಿದ್ದೆಂಬ ಕಾರಣ ಸಾಕಾಯಿತು. ತಾಯಿಯವರು ಇಷ್ಟು ಓದಿ ಪುಸ್ತಕ ಮುಚ್ಚಿದರು. ಯಾವ ವ್ಯಾಖ್ಯಾನವನ್ನೂ ಮಾಡಲಿಲ್ಲ. ಬೆಳಗ್ಗೆ ರೊಟ್ಟಿ ಬಡಿಯುತ್ತ, “ಹಗೇವಿನಾಗ ಇದ್ದದ್ದು ನಮಗ ಎಷ್ಟು ತಿಂಗಳಿಗೆ ಸಾಕು?” ಎಂದು ಮಾತ್ರ ಕೇಳಿದರು.

ತಂದೆಯವರು ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ಹಗೇವು ತೆಗೆಸಿದರು. ಮನೆಗೆ ಬೇಕಾದಷ್ಟನ್ನು ಅಳೆದಿಟ್ಟು ಮಿಕ್ಕುದನ್ನು ಹಿಂದಿನ ವರ್ಷದ ದರಕ್ಕೇ ಮಾರಿದರು. ಬಂಧುಗಳಲ್ಲಿ ಒಬ್ಬರು, ಪುಸ್ತಕ ಓದಿ ಅಂಗಡಿ ಮುಳುಗಿಸಿದರೆಂದು ಬಹಿರಂಗವಾಗಿಯೇ ಆಡಿಕೊಂಡರು. ಆ ಮಾತು ಪೂರ್ಣ ಸುಳ್ಳೂ ಆಗಿರಲಿಲ್ಲ. ಅಕ್ಕನ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು, ಅಂಗಡಿ ಮೊದಲಿನ ಸ್ಥಿತಿಗೆ ಮರಳಲೇ ಇಲ್ಲ. ತಾವು ಮಾಡಿದ್ದು ಒಳ್ಳೆಯದೆಂದು ತಂದೆಯವರು ಎಂದೂ ಹೇಳಿಕೊಂಡವರಲ್ಲ, ಪಶ್ಚಾತ್ತಾಪವನ್ನೂ ತೋರಲಿಲ್ಲ. ಆದರೆ ಅಂದಿನಿಂದ ಸಂಜೆಯ ಓದಿನ ಹೊತ್ತಿಗೆ ಅವರು ಖಾತೆಯ ಪುಸ್ತಕವನ್ನು ಮುಚ್ಚಿ ಕೂಡುತ್ತಿದ್ದುದನ್ನು ನಾವು ಕಂಡಿದ್ದೇವೆ.

ನಾವು ವ್ಯಾಪಾರಕ್ಕಿಳಿಯದೆ ಶಿಕ್ಷಕ ವೃತ್ತಿಯನ್ನು ಹಿಡಿದೆವು. ಅಲ್ಲಿಯೂ ಲಕ್ಕಮ್ಮನವರು ಬೆನ್ನು ಬಿಡಲಿಲ್ಲ. ಪರೀಕ್ಷೆಗಳು ಸಮೀಪಿಸಿದಾಗ ಮನೆಪಾಠಕ್ಕೆಂದು ಪಾಲಕರು ಹಣ ಹಿಡಿದು ಬಂದಾಗಲೆಲ್ಲ ಆ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತಿತ್ತು. ದೊರೆತಿರುವ ಅವರ ವಚನಗಳು 25. ಒಂದು ತಾಸಿನಲ್ಲಿ ಓದಿ ಮುಗಿಸಬಹುದು, ಮೂವತ್ತು ವರ್ಷಗಳ ವೃತ್ತಿಯಲ್ಲಿ ನಮಗೆ ಮುಗಿಯಲಿಲ್ಲ.

ಸರ್ವಜ್ಞನ ವಿಷಯವನ್ನೂ ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಅವನ ತ್ರಿಪದಿಗಳು ನಮ್ಮ ಭಾಗದಲ್ಲಿ ಬಾಯಿಂದ ಬಾಯಿಗೆ ಹರಿದು ಬಂದಿದ್ದರೂ ಅವನ್ನು ಕೂಡಿಹಾಕಿ 1924ರಲ್ಲಿ ಗ್ರಂಥವಾಗಿಸಿದವರು ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದ ಮಹನೀಯರು ಅವರು. ತಮ್ಮ ಧರ್ಮದಲ್ಲಿ ನೆಲೆನಿಂತೇ ಶರಣರ ಸಾಹಿತ್ಯಕ್ಕಾಗಿ ಜೀವ ತೇಯ್ದ ಇಂಥವರ ಋಣವನ್ನು ನಮ್ಮ ಮಕ್ಕಳಿಗೆ ತಿಳಿಸುವ ಕೆಲಸ ಸಾಲದಾಗಿದೆ ಎಂಬುದು ನಮ್ಮ ಅಭಿಪ್ರಾಯ.

ಶೂನ್ಯಸಂಪಾದನೆಯನ್ನು ಮೂರು ಸಲ ಹಿಡಿದಿದ್ದೇವೆ. ಅಲ್ಲಮಪ್ರಭುಗಳು ಶರಣರ ಕಾಯಕಸ್ಥಳಗಳಿಗೆ ತಾವೇ ನಡೆದುಹೋಗಿ ಮಾತಿಗೆಳೆಯುವ ಪ್ರಸಂಗಗಳು ರುಚಿಸುತ್ತವೆ. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರ ಭಾಗವಂತೂ ಪ್ರತಿ ಸಲವೂ ಹೊಸದೇ. ಉಳಿದುದರಲ್ಲಿ ಬಹುಪಾಲು ಬೆಡಗಿನ ಬಾಗಿಲಿನಾಚೆಗೇ ನಿಂತಿದೆ. ಅದಕ್ಕಾಗಿ ವ್ಯಥೆಯಿಲ್ಲ.

1993ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು ಹೊರತಂದಾಗ ಹದಿನೈದನ್ನೂ ಕೊಂಡೆವು. ಹಳಕಟ್ಟಿಯವರು ವಚನಗಳನ್ನು ಸ್ಥಲಗಳ ಕ್ರಮದಲ್ಲಿ ಜೋಡಿಸಿದ್ದರೆ ಇಲ್ಲಿ ವಚನಕಾರರಿಗೆ ಅನುಸಾರವಾದ ವಿಂಗಡಣೆ. ಪಂಡಿತರಿಗೆ ಇದೇ ಸರಿ. ಮನೆಮಂದಿ ಕೂಡಿ ಓದುವಾಗ ಮಾತ್ರ ಹಳೆಯ ಜೋಡಣೆಯೇ ನಮಗೆ ಪ್ರಿಯ. ಅಲ್ಲಿ ದಂಡನಾಯಕರ ಮಗ್ಗುಲಿಗೇ ಅಂಬಿಗರೂ ಮಾದಾರರೂ ಕುಳಿತಿರುತ್ತಾರೆ. ಗ್ರಂಥಗಳು ಬಂದ ದಿನ ತಾಯಿಯವರು, ಆಗ ಎಪ್ಪತ್ತು ದಾಟಿದ್ದರು, ಒಂದೊಂದನ್ನೂ ತೂಗಿ ನೋಡಿ, ಇವನ್ನು ಜಗಲಿಯ ಮೇಲೆ ಇಡಬಾರದೆಂದು ಸೊಸೆಯಿಂದ ಮಾತು ತೆಗೆದುಕೊಂಡರು.

ಈಗ ನಮ್ಮ ಕಪಾಟಿನಲ್ಲಿರುವುದು ಹದಿನಾಲ್ಕೇ. ಶರಣೆಯರ ವಚನಗಳಿರುವ ಐದನೆಯ ಸಂಪುಟವನ್ನು ಮಗಳು ಮದುವೆಯಾದ ವರ್ಷವೇ ಗಂಡನ ಮನೆಗೆ ಒಯ್ದಳು. ತಿರುಗಿ ಕೊಡೆಂದು ಎರಡು ಸಲ ಕೇಳಿದ್ದಾಯಿತು. ಮೊನ್ನೆ ಅವಳ ಮನೆಗೆ ಹೋದಾಗ ಅದು ಅಡುಗೆಮನೆಯ ಕಿಟಕಿಯಲ್ಲಿತ್ತು. ರಟ್ಟು ಕಿತ್ತುಹೋಗಿತ್ತು, ಲಕ್ಕಮ್ಮನವರ ಹಾಳೆಗಳ ಮೇಲೆ ಅರಿಷಿಣದ ಕಲೆಯಿತ್ತು. ಮೂರನೆಯ ಸಲ ನಾವು ಕೇಳಲಿಲ್ಲ.